ನಾಲ್ಕು ಹಸು ಕಟ್ಟಿದರೆ ದಿನ ಹೇಗಿರುತ್ತದೆ, ಕೈಗೆ ಏನು ಉಳಿಯುತ್ತದೆ?

ಪ್ರಶ್ನೆ: ನಾವು ಗಂಡ ಹೆಂಡತಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಚನ್ನರಾಯಪಟ್ಟಣದ ಹತ್ತಿರ ಗಂಡನ ಊರಿನಲ್ಲಿ ಎರಡೂವರೆ ಎಕರೆ ಜಮೀನು, ಒಂದು ಬೋರ್‌ವೆಲ್ ಇದೆ. ಅತ್ತೆ ಒಂದು ಸೀಮೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಊರಿಗೆ ಹೋಗಿ ಇನ್ನೂ ಮೂರು ಹಸು ಕೊಳ್ಳೋಣ ಎಂದಿದ್ದೇವೆ. ದಿನ ಹೇಗೆ ಸಾಗುತ್ತದೆ? ತಿಂಗಳಿಗೆ ಏನು ಉಳಿಯುತ್ತದೆ? ಮದುವೆ, ಹಬ್ಬಕ್ಕೆ ಹೋಗಿಬರಲು ಆಗುತ್ತದಾ?

ಉತ್ತರ: ಈ ಮೂರಕ್ಕೂ ಅರ್ಧ ಉತ್ತರ ನಿಮ್ಮ ಅತ್ತೆಯವರ ಹತ್ತಿರವೇ ಇದೆ. ಮೊದಲು ಒಂದು ವಾರ ರಜೆ ಹಾಕಿ ಊರಿಗೆ ಹೋಗಿ, ಅವರ ಜೊತೆ ಎದ್ದು ಅವರ ಜೊತೆ ಮಲಗಿ. ಆದರೆ ಅವರ ಲೆಕ್ಕವನ್ನು ನಾಲ್ಕರಿಂದ ಗುಣಿಸಬೇಡಿ. ಒಂದು ಹಸು ಬದುವಿನ ಹುಲ್ಲು, ಹೊಲದ ಕಳೆ, ಮನೆಯ ಮುಸುರೆಯಲ್ಲಿ ಹೇಗೋ ನಡೆದುಹೋಗುತ್ತದೆ. ನಾಲ್ಕಾದರೆ ಮೇವನ್ನು ಬೆಳೆಯಲೇಬೇಕು, ನೀರನ್ನು ಅಳೆಯಲೇಬೇಕು, ದಿನಾಂಕಗಳನ್ನು ಬರೆದಿಡಲೇಬೇಕು.

ದಿನದ ಗಡಿಯಾರ ನಿಮ್ಮದೂ ಅಲ್ಲ, ಹಸುವಿನದೂ ಅಲ್ಲ, ಡೇರಿಯದು. ನಿಮ್ಮೂರಿನ ಹಾಲು ಉತ್ಪಾದಕರ ಸಂಘ ಬೆಳಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹಾಲಿನ ಗಾಡಿ ಕಾಯುವುದಿಲ್ಲ. ಆರು, ಆರೂವರೆಗೆ ಕ್ಯಾನು ಡೇರಿ ಮುಂದೆ ಇರಬೇಕಾದರೆ ಐದಕ್ಕೆ ಮುಂಚೆ ಏಳಬೇಕು. ಮೊದಲು ಸಗಣಿ ಬಾಚಿ, ಗಂಜಲ ತೊಳೆದು, ಕೊಟ್ಟಿಗೆ ಒಂದಿಷ್ಟು ಆರಲು ಬಿಡಬೇಕು. ಆಮೇಲೆ ಕೆಚ್ಚಲು ತೊಳೆದು ಒಣ ಬಟ್ಟೆಯಲ್ಲಿ ಒರೆಸಿ ಹಾಲು ಕರೆಯಬೇಕು. ಒಂದು ಹಸುವಿಗೆ ಏಳೆಂಟು ನಿಮಿಷದೊಳಗೆ ಕರೆದು ಮುಗಿಸಬೇಕು, ಯಾಕೆಂದರೆ ಹಸು ಸೊರ ಬಿಡುವುದು, ಅಂದರೆ ತೊಟ್ಟಿಗೆ ಹಾಲು ಇಳಿಸುವುದು, ಅದಕ್ಕಿಂತ ಹೆಚ್ಚು ಹೊತ್ತು ಇರುವುದಿಲ್ಲ. ಹೊಸದಾಗಿ ಕಲಿಯುವವರು ಹೆಬ್ಬೆರಳು ಮಡಚಿ ಕರೆಯುತ್ತಾರೆ. ಅದು ತೊಟ್ಟಿಗೂ ನೋವು, ನಿಮ್ಮ ಬೆರಳಿಗೂ ನೋವು. ಮುಷ್ಟಿ ಹಿಡಿದು ಕರೆಯುವುದನ್ನೇ ಕಲಿಯಿರಿ. ನಾಲ್ಕು ಹಸುವಿಗೆ ಮಿಷನ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಕರೆಯುವ ಕೈ ಎರಡು ಜೊತೆ ಇದ್ದರೆ ಬೇಡ. ಆ ದುಡ್ಡಿಗೆ ಮೊದಲು ಮೇವು ಕತ್ತರಿಸುವ ಯಂತ್ರ ತನ್ನಿ.

ಒಂದು ಸಣ್ಣ ಗುಟ್ಟು. ಕೆಚ್ಚಲಿನ ಕೊನೆಯ ಹಾಲಿನಲ್ಲಿ ಫ್ಯಾಟ್ ಜಾಸ್ತಿ. ಪೂರ್ತಿ ಕರೆಯದೆ ಉಳಿದದ್ದನ್ನು ಕರುವಿಗೆ ಬಿಟ್ಟವರು ಡೇರಿಯಲ್ಲಿ 'ಫ್ಯಾಟ್ ಬರ್ತಾನೇ ಇಲ್ಲ, ಮಿಷನ್ ಸರಿ ಇಲ್ಲ' ಅಂತ ಜಗಳ ಆಡುತ್ತಾರೆ! ಕರುವಿಗೆ ಮೊದಲೇ ಅಳೆದು ಕುಡಿಸಿ, ಕೊನೆಯ ಹನಿಯವರೆಗೂ ಕ್ಯಾನಿಗೆ ಕರೆಯಿರಿ. ಹಾಲಿನ ದರವನ್ನು ಸಾಮಾನ್ಯವಾಗಿ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇಟ್ಟುಕೊಂಡು ಹೇಳುತ್ತಾರೆ. ಮಳೆಗಾಲದಲ್ಲಿ ಬರೀ ಎಳೆ ಹಸಿಮೇವು ಹಾಕಿದರೆ ಹಾಲು ಏರಿದಂತೆ ಕಂಡರೂ ಫ್ಯಾಟ್ ಇಳಿಯುತ್ತದೆ. ರಾಗಿಹುಲ್ಲು ಕೊಟ್ಟರೆ ಮತ್ತೆ ಏರುತ್ತದೆ. ಎಸ್‌ಎನ್‌ಎಫ್ ಇಳಿದರೆ ಹಿಂಡಿ ಸಾಲದು ಅಂತಲೋ, ಬಿಸಿಲಿನ ಝಳ ಅಂತಲೋ, ಕೆಚ್ಚಲು ಬಾವು ಒಳಗೊಳಗೇ ಶುರುವಾಗಿದೆ ಅಂತಲೋ ತಿಳಿಯಬೇಕು.

ಕರೆದ ಕೂಡಲೇ ತೊಟ್ಟುಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಗೋದಲಿಗೆ ಮೇವು ಹಾಕಿ. ಈ ಕ್ರಮ ತಪ್ಪಿಸಬೇಡಿ. ಹಾಲು ಕರೆದ ಮೇಲೆ ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆಗ ಹಸು ಮಲಗಿದರೆ ಸಗಣಿ, ಗಂಜಲದ ರೋಗಾಣು ನೇರ ಒಳಗೆ ಹೋಗುತ್ತದೆ. ಮುಂದೆ ಮೇವು ಇದ್ದರೆ ಅದು ನಿಂತೇ ಇರುತ್ತದೆ. ನಮ್ಮ ಕಡೆ ಮೇವು ಹಾಕಿ, ಅದು ತಿನ್ನುತ್ತಿರುವಾಗ ಕರೆದು, ಖಾಲಿ ಗೋದಲಿ ಮುಂದೆ ಬಿಟ್ಟು ಡೇರಿಗೆ ಓಡುವ ಅಭ್ಯಾಸ ಇದೆ. ಕೆಚ್ಚಲು ಬಾವು ಅರ್ಧಕ್ಕರ್ಧ ಅಲ್ಲಿಂದಲೇ ಬರುತ್ತದೆ ಎಂಬುದು ನನ್ನ ಅನುಭವ. ಔಷಧಿ ಕೊಡಿಸಿದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕುವಂತಿಲ್ಲ, ಆ ನಷ್ಟವೂ ಸೇರುತ್ತದೆ.

ಡೇರಿಯಿಂದ ಬಂದು ತಿಂಡಿ ತಿಂದರೆ ಎಂಟೂವರೆ. ಅಲ್ಲಿಂದ ಮಧ್ಯಾಹ್ನದವರೆಗೆ ಮೇವಿನ ಕೆಲಸ: ಕೊಯ್ಯುವುದು, ಹೊರುವುದು, ಕತ್ತರಿಸುವುದು. ಒಂದು ಹಸುವಿಗೆ ದಿನಕ್ಕೆ 25 ಕಿಲೋ ಹಸಿಮೇವು ಅಂದರೆ ನಾಲ್ಕಕ್ಕೆ ಒಂದು ಕ್ವಿಂಟಲ್. ಇದನ್ನು ಪ್ರತಿದಿನ, ಮಳೆಯಲ್ಲೂ, ಹೊಲದಿಂದ ಕೊಟ್ಟಿಗೆಗೆ ತರಬೇಕು. ನಗರದಿಂದ ಹೋದವರ ಬೆನ್ನು ಮುರಿಯುವುದು ಹಾಲು ಕರೆಯುವಾಗ ಅಲ್ಲ, ಇಲ್ಲಿ. ಅದಕ್ಕೇ ಸೀಮೆಹುಲ್ಲನ್ನು ಕೊಟ್ಟಿಗೆಯ ಪಕ್ಕದಲ್ಲೇ ನಾಟಿ ಮಾಡಿ, ಜಮೀನಿನ ಕೊನೆಯಲ್ಲಲ್ಲ.

ಮಧ್ಯಾಹ್ನ ಹಸು ಮಲಗಿ ಮೆಲುಕು ಹಾಕುವ ಹೊತ್ತು. ಅದನ್ನು ಎಬ್ಬಿಸಬೇಡಿ, ನೀವೂ ಒಂದು ಗಂಟೆ ಮಲಗಿ. ಮುಂದೆ ನೀರು ಸದಾ ಇರಲಿ. ಹಾಲು ಕೊಡುವ ಹಸು ದಿನಕ್ಕೆ 60ರಿಂದ 80 ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಹೊತ್ತಿಗೊಂದು ಬಕೆಟ್ ಹಿಡಿಯುವ ಮನೆಯಲ್ಲಿ ಹಿಂಡಿಗೆ ಹಾಕಿದ ದುಡ್ಡು ಪೂರ್ತಿ ಹಾಲಾಗಿ ಬರುವುದಿಲ್ಲ. ಗೋದಲಿಯ ಪಕ್ಕ ಒಂದು ತೊಟ್ಟಿ ಕಟ್ಟಿಸಿ, ಸಾಕು. ನಾಲ್ಕು ಗಂಟೆಯಿಂದ ಬೆಳಗಿನ ಕೆಲಸವೇ ಮತ್ತೊಮ್ಮೆ. ರಾತ್ರಿ ಊಟವಾದ ಮೇಲೆ ಒಣಹುಲ್ಲು ಹಾಕಿ, ಟಾರ್ಚ್ ಹಿಡಿದು ಒಂದು ಸುತ್ತು ಬರಬೇಕು.

ಈ ಕೊನೆಯ ಸುತ್ತಿನ ಬಗ್ಗೆಯೇ ನಾನು ಹೆಚ್ಚು ಹೇಳಬೇಕು. ಪಶುವೈದ್ಯನಾಗಿ ಹಾಸನ, ಮಂಡ್ಯ ಕಡೆ ಕೊಟ್ಟಿಗೆ ಕೊಟ್ಟಿಗೆ ಅಲೆದವನು ನಾನು. ಚಿಕ್ಕ ಕುಟುಂಬಗಳು ಹೈನುಗಾರಿಕೆಯಲ್ಲಿ ಸೋಲುವುದು ಹಾಲು ಕಡಿಮೆಯಾಗಿ ಅಲ್ಲ, ಹಸು ಹೊತ್ತಿಗೆ ಸರಿಯಾಗಿ ಗಬ್ಬ ಕಟ್ಟದೆ. ಹಾಲಿನ ಲೆಕ್ಕ ಎಲ್ಲರೂ ಇಡುತ್ತಾರೆ. ಬೆದೆಯ ಲೆಕ್ಕ ಇಡುವವರು ಕಡಿಮೆ.

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬಂದರೆ ಇರುವುದು 12ರಿಂದ 18 ಗಂಟೆ ಅಷ್ಟೇ, ಅದೂ ಎಷ್ಟೋ ಸಲ ರಾತ್ರಿ ಹೊತ್ತು, ಬೆಳಗಿನ ಜಾವ. ನೀವು ಗಮನಿಸದೇ ಇದ್ದರೆ ಇನ್ನು 21 ದಿನ ಕಾಯಬೇಕು. ನಾಟಿ ಹಸುವಾದರೆ ಊರಿಗೇ ಕೇಳುವಂತೆ ಕೂಗುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಅದರಲ್ಲೂ ಜಾಸ್ತಿ ಹಾಲು ಕೊಡುವುದು, ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. ಅವತ್ತು ಹಾಲು ಒಂದೆರಡು ಲೀಟರ್ ಇಳಿದಿರುತ್ತದೆ, ಹಿಂಡಿ ಬಿಟ್ಟಿರುತ್ತದೆ, ಬಾಲದ ಬುಡದಲ್ಲಿ ಗಾಜಿನಂಥ ತಿಳಿ ಲೋಳೆ ಅಂಟಿರುತ್ತದೆ. ಇಷ್ಟೇ ಗುರುತು. ಇನ್ನೊಂದು ಹಸು ಮೇಲೆ ಹತ್ತಿದಾಗ ಸುಮ್ಮನೆ ನಿಂತರೆ ಅದು ಪಕ್ಕಾ ಬೆದೆ. ಆದರೆ ದಿನವಿಡೀ ಗೂಟಕ್ಕೆ ಕಟ್ಟಿದ ಹಸು ಇದನ್ನು ತೋರಿಸುವುದಾದರೂ ಹೇಗೆ? ಕೊಟ್ಟಿಗೆ ಪಕ್ಕದಲ್ಲಿ ನಾಲ್ಕು ಕಂಬ ನೆಟ್ಟು ಬೇಲಿ ಹಾಕಿ, ಬೆಳಗ್ಗೆ ಸಂಜೆ ಒಂದೊಂದು ಗಂಟೆ ಬಿಚ್ಚಿಬಿಡಿ. ಇದಕ್ಕಿಂತ ಅಗ್ಗದ ಬೆದೆ ಯಂತ್ರ ಇನ್ನೂ ಬಂದಿಲ್ಲ. ಬೆಳಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಹಸುವಿನ ಹೆಸರಿನ ಮುಂದೆ ಕರು ಹಾಕಿದ ದಿನ, ಬೆದೆ ಕಂಡ ದಿನ, ಇಂಜೆಕ್ಷನ್ ಆದ ದಿನ ಬರೆಯಿರಿ. ಕರು ಹಾಕಿ ಎರಡು ತಿಂಗಳ ಮೇಲೆ ಬರುವ ಬೆದೆಗೆ ಇಂಜೆಕ್ಷನ್. ಅಲ್ಲಿಂದ 21ನೇ ದಿನಕ್ಕೆ ಒಂದು ಗುರುತು, ಆ ಹೊತ್ತಿಗೆ ಮತ್ತೆ ಬೆದೆ ಬರುತ್ತದಾ ನೋಡಲು. ಬರಲಿಲ್ಲ ಅಂತ ಸುಮ್ಮನಿರಬೇಡಿ, ಎರಡು ಮೂರು ತಿಂಗಳಿಗೆ ಡಾಕ್ಟರ ಕೈಲಿ ಗಬ್ಬ ಪರೀಕ್ಷೆ ಮಾಡಿಸಿ. 'ಗಬ್ಬ ಇರಬೇಕು' ಅಂತ ಆರು ತಿಂಗಳು ಮೇವು ಹಾಕಿ ಆಮೇಲೆ ಖಾಲಿ ಅಂತ ಗೊತ್ತಾಗಿ ಕಣ್ಣೀರು ಹಾಕಿದ ಮನೆಗಳನ್ನು ನೋಡಿದ್ದೇನೆ. ಗಬ್ಬ ಒಂಬತ್ತು ತಿಂಗಳು ಒಂಬತ್ತು ದಿನ. ಕೊನೆಯ ಎರಡು ತಿಂಗಳು ಹಾಲು ಬತ್ತಿಸಲೇಬೇಕು. ಆಸೆಗೆ ಬಿದ್ದು ಕರೆಯುತ್ತಾ ಹೋದರೆ ಮುಂದಿನ ಸೂಲಿನಲ್ಲಿ, ಅಂದರೆ ಮುಂದಿನ ಕರು ಹಾಕಿದ ಮೇಲೆ, ಹಾಲು ಕಡಿಮೆಯಾಗುತ್ತದೆ. ಹೀಗೆ ನಡೆದರೆ 13 ತಿಂಗಳಿಗೊಂದು ಕರು. ಬಹಳಷ್ಟು ಕೊಟ್ಟಿಗೆಗಳಲ್ಲಿ ಅದು ಒಂದೂವರೆ ವರ್ಷಕ್ಕೆ ಹೋಗಿರುತ್ತದೆ. ಆ ಹೆಚ್ಚಿನ ಐದು ತಿಂಗಳು ಹಸು ಕೊಡುವ ಮೂರು ನಾಲ್ಕು ಲೀಟರ್ ಹಾಲು ಅದರ ಹೊಟ್ಟೆಗೇ ಸರಿಹೋಗುತ್ತದೆ.

ಈಗ ದುಡ್ಡು. ಕೆಳಗಿನ ದರಗಳು ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮೂರಿನ ಇವತ್ತಿನ ದರ ಹಾಕಿಕೊಂಡು ಮತ್ತೆ ಮಾಡಿ. ಒಕ್ಕೂಟದ ದರಕ್ಕೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಸೇರಿಸಿ ಲೀಟರಿಗೆ 40 ಎನ್ನೋಣ. ಪ್ರೋತ್ಸಾಹಧನ ಬೇರೆಯಾಗಿ, ತಡವಾಗಿ ಬರುತ್ತದೆ. ವಾರದ ಖರ್ಚಿಗೆ ಅದನ್ನು ನಂಬಬೇಡಿ. ಸೂಲು ಪೂರ್ತಿ ಸರಾಸರಿ 10 ಲೀಟರ್ ಕೊಡುವ ಹಸುವಿನಿಂದ ದಿನಕ್ಕೆ 400. ಅದರ ಮೈಗೆ 2 ಕಿಲೋ, ಹಾಲಿಗೆ ಎರಡೂವರೆ ಲೀಟರಿಗೊಂದರಂತೆ 4 ಕಿಲೋ, ಒಟ್ಟು 6 ಕಿಲೋ ಪಶು ಆಹಾರ. ಕಿಲೋಗೆ 25 ಅಂದರೆ 150. ಖನಿಜ ಮಿಶ್ರಣ, ಔಷಧಿ, ಕರೆಂಟು ಎಲ್ಲ ಸೇರಿ 30. ಉಳಿದದ್ದು 220.

ಆದರೆ ಇದು ಮೇವು ಮನೆಯದಾಗಿದ್ದರೆ ಮಾತ್ರ. ಹಸಿಮೇವು, ಹುಲ್ಲು ಎರಡನ್ನೂ ಕೊಂಡರೆ ಹಸುವಿಗೆ ದಿನಕ್ಕೆ ಇನ್ನೂ 130 ರೂಪಾಯಿ ಹೋಗುತ್ತದೆ, ಉಳಿಯುವುದು 90. ಹಾಲು ಕೊಡುವ 300 ದಿನ, ಬತ್ತಿದ 95 ದಿನ ಅಂತ ಸೂಲಿನ ಲೆಕ್ಕ ಹಾಕಿ. ಬತ್ತಿದಾಗಲೂ ಹಿಂಡಿ, ಮದ್ದಿಗೆ ದಿನಕ್ಕೆ 80 ಬೇಕಲ್ಲ. ಮನೆಯ ಮೇವಿದ್ದರೆ 13 ತಿಂಗಳಿಗೆ ಒಂದು ಹಸುವಿಗೆ ಸುಮಾರು 58 ಸಾವಿರ ಉಳಿಯುತ್ತದೆ. ಮೇವು ಕೊಂಡರೆ ಏಳು ಸಾವಿರ! ನಿಮ್ಮ ಇಬ್ಬರ ಕೂಲಿ, ಹಸುವಿನ ಬೆಲೆ, ಕೊಟ್ಟಿಗೆಯ ಖರ್ಚು ಇದರಲ್ಲಿ ಇಲ್ಲ. ನಾಲ್ಕು ಹಸು ಚೆನ್ನಾಗಿ ನಡೆದರೆ ತಿಂಗಳಿಗೆ ಹದಿನೇಳು, ಹದಿನೆಂಟು ಸಾವಿರ ಮನೆಗೆ ಬರಬಹುದು. ತಿಪ್ಪೆಯ ಗೊಬ್ಬರ ನಿಮ್ಮ ಹೊಲಕ್ಕೆ ಸಿಗುತ್ತದೆ, ಅದರ ಬೆಲೆ ಬೇರೆ. ಬೆಂಗಳೂರಿನ ಎರಡು ಸಂಬಳಕ್ಕೆ ಇದು ಸಾಟಿಯಲ್ಲ. ಸಾಲ ಮಾಡಿ ಹಸು ಕೊಂಡರೆ ಕಂತು ಇದರಲ್ಲೇ ಹೋಗಬೇಕು. ನನ್ನ ಸಲಹೆ ಕೇಳಿದರೆ ಮೊದಲ ಎರಡು ವರ್ಷ ನಿಮ್ಮಲ್ಲಿ ಒಬ್ಬರು ಕೆಲಸ ಬಿಡದೇ ಇರುವುದು ಒಳ್ಳೆಯದು.

ಹಾಗಾಗಿ ಹಸುವಿಗಿಂತ ಮೊದಲು ಹುಲ್ಲು. ನೀರಿರುವ ಅರ್ಧ ಎಕರೆಯಲ್ಲಿ ಕೋ-4 ಅಥವಾ ಕೋ-5 ಸೀಮೆಹುಲ್ಲು ನೆಡಿ. ಮೊದಲ ಕಟಾವಿಗೆ ಎರಡೂವರೆ ತಿಂಗಳು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ದಿನಕ್ಕೊಂದು ಪಟ್ಟಿ ಕೊಯ್ದುಕೊಂಡು ಹೋದರೆ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಪಟ್ಟಿ ಮತ್ತೆ ಸಿದ್ಧ. ಸಗಣಿ ಗೊಬ್ಬರ, ತೊಳೆದ ಗಂಜಲದ ನೀರು ಅದಕ್ಕೇ ಹರಿಯಲಿ. ಜೊತೆಗೆ ಒಂದಿಷ್ಟು ಅಲಸಂದೆ ಅಥವಾ ಕುದುರೆ ಮಸಾಲೆ (ಲೂಸರ್ನ್ ಮೇವು) ಇದ್ದರೆ ಹಿಂಡಿ ಸ್ವಲ್ಪ ಉಳಿಯುತ್ತದೆ. ಉಳಿದ ಜಮೀನಿನಲ್ಲಿ ರಾಗಿ ಹಾಕಿ. ಮನೆಗೆ ಮುದ್ದೆ, ಕೊಟ್ಟಿಗೆಗೆ ಹುಲ್ಲು. ಮುಂಗಾರಿನ ಮುಸುಕಿನ ಜೋಳವನ್ನು ತೆನೆ ಹಾಲುಗಾಳು ಇರುವಾಗಲೇ ಕತ್ತರಿಸಿ ಸೈಲೇಜ್ (ಗಾಳಿಯಾಡದಂತೆ ಒತ್ತಿಟ್ಟ ರಸಮೇವು) ಮಾಡಿಟ್ಟರೆ ಮಾರ್ಚ್, ಏಪ್ರಿಲ್‌ನಲ್ಲಿ ಬೋರ್‌ವೆಲ್ ಕೈಕೊಟ್ಟರೂ ಜೀವ ಉಳಿಯುತ್ತದೆ. ಎಳೆ ಬಿಳಿಜೋಳದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ ಮಾತ್ರ ಹಾಕಬೇಡಿ. ಅದರಲ್ಲಿ ವಿಷ ಇರುತ್ತದೆ, ನಿಂತ ಹಸು ನಿಂತಲ್ಲೇ ಬೀಳುತ್ತದೆ.

ವಿಷ ಅಂದಾಗ ನೆನಪಾಯಿತು. ಯುಗಾದಿ, ಬೀಗರ ಔತಣದ ಮರುದಿನ ಪಶುವೈದ್ಯರ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಉಳಿದ ಅನ್ನ, ಪಾಯಸ, ಒಬ್ಬಟ್ಟಿನ ಹಿಟ್ಟನ್ನು 'ಗೌರಿಗೆ ಹಾಕೋಣ, ಅದೂ ಹಬ್ಬ ಮಾಡಲಿ' ಅಂತ ಬುಟ್ಟಿಗಟ್ಟಲೆ ಸುರಿದಿರುತ್ತಾರೆ. ಹೊಟ್ಟೆಯೊಳಗೆ ಹುಳಿಯಾಗಿ ಹಸು ಮಲಗಿಬಿಡುತ್ತದೆ. ಪ್ರೀತಿ ಇದ್ದರೆ ಒಂದು ಹಿಡಿ ಸಾಕು. ಅತ್ತೆಯವರಿಗೆ ಇದನ್ನು ನೀವು ಹೇಳಿದರೆ ಬೇಜಾರಾಗಬಹುದು, ಡಾಕ್ಟರು ಹೇಳಿದರು ಅಂತ ನನ್ನ ಮೇಲೆ ಹಾಕಿ.

ರೋಗಗಳ ಬಗ್ಗೆ ಉದ್ದ ಬರೆಯುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ತಪ್ಪಬಾರದು. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ರೋಗದ (ಗಬ್ಬ ಕಳೆಯುವ ಬ್ರುಸೆಲ್ಲೋಸಿಸ್) ಲಸಿಕೆ ಒಂದೇ ಸಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ವಿಮೆ ಇಲ್ಲದ ಮನೆಗಳಿಗೆ ಬಿದ್ದ ಪೆಟ್ಟು ದೊಡ್ಡದು, ಆದ್ದರಿಂದ ಕಿವಿಯೋಲೆ ಹಾಕಿಸಿ ವಿಮೆ ಮಾಡಿಸಿ. ರಾತ್ರಿ ಹೊತ್ತು ದಾರಿ ಕಾಣದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಆಂಬುಲೆನ್ಸ್ ಸಹಾಯವಾಣಿ. ಇನ್ನು ಕರು ಹುಟ್ಟಿದ ದಿನ: ಕಸ (ಹಸುವಿನ ಮಾಸು) ಬೀಳುವವರೆಗೂ ಗಿಣ್ಣು ಹಾಲು ಕುಡಿಸಬಾರದು ಅನ್ನುವ ನಂಬಿಕೆ ನಿಮ್ಮೂರಲ್ಲೂ ಇರುತ್ತದೆ. ದಯವಿಟ್ಟು ಕಾಯಬೇಡಿ. ಒಂದು ಗಂಟೆಯೊಳಗೆ ಮೊದಲ ಗಿಣ್ಣು ಕರುವಿನ ಹೊಟ್ಟೆಯಲ್ಲಿರಬೇಕು. 30 ಕಿಲೋ ಕರುವಿಗೆ ಅವತ್ತು ಮೂರು ಲೀಟರ್, ಎರಡು ಮೂರು ಸಲವಾಗಿ. ಕರು ಹಾಕಿದ ಒಂದೆರಡು ದಿನದಲ್ಲಿ ಹಸು ತಣ್ಣಗಾಗಿ, ಕತ್ತು ಹೊರಳಿಸಿ ಮಲಗಿದರೆ ಅದು ಹಾಲು ಜ್ವರ. ಹೆಸರಿಗೆ ಜ್ವರ, ಮೈ ಬಿಸಿ ಇರುವುದಿಲ್ಲ. ಸುಣ್ಣದಂಶ ಕುಸಿದಿರುತ್ತದೆ. ಕೂಡಲೇ ಡಾಕ್ಟರನ್ನು ಕರೆಸಿದರೆ ಕಣ್ಣೆದುರೇ ಎದ್ದು ನಿಲ್ಲುತ್ತದೆ.

ಗಂಡು ಕರುವಿನ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ. ಎಚ್‌ಎಫ್ ಗಂಡು ಕರು ಉಳುಮೆಗೆ ಬರುವುದು ಕಷ್ಟ, ಕೊಳ್ಳುವವರೂ ಇಲ್ಲ. ರಾಜ್ಯದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮುದಿ ಹಸುವಿಗೂ ಮಾರುಕಟ್ಟೆ ಇಲ್ಲ. ಅವನ್ನು ಸಾಕುವ ಖರ್ಚನ್ನೂ ಲೆಕ್ಕದಲ್ಲಿಡಿ. ಹೆಣ್ಣು ಕರುವನ್ನೇ ಕೊಡುವಂತೆ ವಿಂಗಡಿಸಿದ ವೀರ್ಯ ಈಗ ಸಿಗುತ್ತದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಹುಟ್ಟುತ್ತದೆ. ಚೆನ್ನಾಗಿ ಬೆದೆ ತೋರಿಸುವ ಕಡಸುಗಳಿಗೆ ಅದನ್ನೇ ಕೇಳಿ.

ಮೂರು ಹಸುವನ್ನು ಒಟ್ಟಿಗೆ ಕೊಳ್ಳಬೇಡಿ. ಮೊದಲು ಒಂದು. ನಾಲ್ಕೈದು ತಿಂಗಳು ಬಿಟ್ಟು ಇನ್ನೊಂದು. ಹೀಗೆ ಮಾಡಿದರೆ ಕರು ಹಾಕುವ ಕಾಲವೂ ಹಂಚಿಹೋಗುತ್ತದೆ, ವರ್ಷವಿಡೀ ಬಟವಾಡೆ ಬರುತ್ತದೆ. ಎರಡನೇ ಸೂಲಿನ ಹಸು ನೋಡಿ, ಹತ್ತಿರದ ಊರಿನದಾದರೆ ಮೇವು, ಹವೆ ಎರಡೂ ಒಗ್ಗುತ್ತದೆ. ಮಾರುವವರು ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದುಂಟು. ಹಿಂದಿನ ಸಂಜೆಯೇ ಹೋಗಿ ನಿಮ್ಮೆದುರು ಪೂರ್ತಿ ಕರೆಸಿ, ಬೆಳಗಿನ ಹಾಲನ್ನು ಅಳೆದು ಮಾತಾಡಿ. ನಾಲ್ಕು ತೊಟ್ಟಿನಿಂದಲೂ ಹಾಲು ಬರುತ್ತದಾ ನೀವೇ ಕರೆದು ನೋಡಿ. ಮನೆಗೆ ತಂದ ಮೇಲೆ ಎರಡು ವಾರ ಅತ್ತೆಯವರ ಹಸುವಿನಿಂದ ದೂರ ಕಟ್ಟಿ.

ಇನ್ನೊಂದು ಮನೆಯ ವಿಚಾರ, ನೀವು ಕೇಳಿಲ್ಲ. ಡೇರಿ ಸಂಘದ ಸದಸ್ಯತ್ವ ಯಾರ ಹೆಸರಿನಲ್ಲಿದೆ? ಬೆಳಗ್ಗೆ ಐದಕ್ಕೆ ಏಳುವವರು ಹೆಂಗಸರು, ದುಡ್ಡು ಬೀಳುವುದು ಗಂಡಸರ ಖಾತೆಗೆ ಅನ್ನುವ ಮನೆಗಳು ಈಗಲೂ ಬೇಕಾದಷ್ಟಿವೆ. ಅತ್ತೆಯವರದ್ದು ಇದ್ದರೆ ಅದನ್ನು ಮುಟ್ಟಬೇಡಿ, ಅವರ ಹಸುವಿನ ಹಾಲು ಅವರ ಹೆಸರಿಗೇ ಹೋಗಲಿ. ನಿಮ್ಮ ಹಸುಗಳಿಗೆ ನಿಮ್ಮದೇ ಸದಸ್ಯತ್ವ ಮಾಡಿಸಿ. ಅತ್ತೆ ಸೊಸೆ ನಡುವೆ ಮಾತು ಬೆಳೆಯದಿರಲು ಇದು ಬಹಳ ಸಹಾಯ ಮಾಡುತ್ತದೆ.

ಮದುವೆಗೆ ಹೋಗಬಹುದಾ ಅಂದಿರಿ. ಒಬ್ಬರು ಯಾವಾಗಲೂ ಹೋಗಬಹುದು. ಧಾರೆಗೆ ಇಬ್ಬರೂ ಹೋಗಿ ಸಂಜೆ ಹಾಲಿಗೆ ವಾಪಸ್ ಬರಲೂಬಹುದು. ಮೂರು ದಿನ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಡಬೇಕಾದರೆ ಮುಯ್ಯಿ ಬೇಕು. ಪಕ್ಕದಲ್ಲಿ ಹಸು ಕಟ್ಟಿರುವ ಒಂದು ಮನೆಯವರ ಹತ್ತಿರ ಮಾತಾಡಿಕೊಳ್ಳಿ: ಅವರು ಹೋದಾಗ ನೀವು, ನೀವು ಹೋದಾಗ ಅವರು. ಆದರೆ ಹಸು ಹೊಸ ಕೈಗೆ ಸುಲಭವಾಗಿ ಸೊರ ಬಿಡುವುದಿಲ್ಲ. ಹೊರಡುವ ವಾರ ಮುಂಚೆಯೇ ಎರಡು ಮೂರು ಹೊತ್ತು ನೀವು ಪಕ್ಕದಲ್ಲಿ ನಿಂತು ಅವರ ಕೈಯಿಂದಲೇ ಕರೆಸಿ. ಯಾವ ಹಸುವಿಗೆ ಎಷ್ಟು ಹಿಂಡಿ ಅಂತ ಗೋದಲಿಯ ಮೇಲೆ ಸುಣ್ಣದಲ್ಲಿ ಬರೆದಿಡಿ. ಕ್ಯಾಲೆಂಡರ್ ನೋಡಿ, ಆ ಮೂರು ದಿನದಲ್ಲಿ ಯಾವುದಕ್ಕೂ 21ನೇ ದಿನ ಬೀಳದಂತೆ ಪ್ರಯಾಣ ಇಟ್ಟುಕೊಳ್ಳಿ.